ಸೈಟ್ ಮಾಡುವ ಮೊದಲು ಪ್ಲಾನಿಂಗ್ ಆಫೀಸಿಗೆ ಹೋಗಿ ಬನ್ನಿ

ಮೈಸೂರಿನ ಹತ್ತಿರ ಇಲವಾಲದ ಕಡೆಯೋ ವರುಣದ ಕಡೆಯೋ ಎರಡು ಎಕರೆ ಪಿತ್ರಾರ್ಜಿತ ಜಮೀನಿದೆ, ಅಣ್ಣತಮ್ಮಂದಿರು ಸೇರಿ ಸೈಟ್ ಮಾಡಿ ಮಾರೋಣ ಅಂತ ಯೋಚನೆಯಲ್ಲಿದ್ದೀರಾ? ಹಾಗಿದ್ದರೆ ಜೆಸಿಬಿ ಕರೆಸಬೇಡಿ, ಯಾರ ಹತ್ತಿರವೂ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಮೊದಲು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ವಿಭಾಗಕ್ಕೆ ಹೋಗಿ ಮಾತಾಡಿ. ನಿಮ್ಮ ಊರು ಪ್ರಾಧಿಕಾರದ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನೆ ಕಚೇರಿಯಲ್ಲಿ ಕೇಳಿ.

ಬರಿಗೈಲಿ ಹೋಗಬೇಡಿ. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಸರ್ವೆ ಸ್ಕೆಚ್ ಇರಲಿ. ಗ್ರಾಮ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಗುರುತು ಮಾಡಿಕೊಂಡು ಹೋಗಿ, ಮಾತು ಬೇಗ ಮುಗಿಯುತ್ತದೆ.

ಮೊದಲು ಕೇಳಬೇಕಾದದ್ದು, ಮಾಸ್ಟರ್ ಪ್ಲಾನ್‌ನಲ್ಲಿ, ಅಂದರೆ ಯಾವ ಜಾಗ ಯಾವ ಬಳಕೆಗೆ ಅಂತ ತೋರಿಸುವ ನಕ್ಷೆಯಲ್ಲಿ, ನಮ್ಮ ಜಾಗ ಯಾವ ವಲಯದಲ್ಲಿದೆ ಅಂತ. ಅದರಲ್ಲಿ ಹಳದಿ ಬಣ್ಣ ಇದ್ದರೆ ವಸತಿ ವಲಯ, ದಾರಿ ಸಲೀಸು. ಕೃಷಿ ವಲಯ ಆದರೆ ಭೂ ಉಪಯೋಗ ಬದಲಾವಣೆ ಬೇಕು, ಅದು ಬೇಗ ಮುಗಿಯುವ ಕೆಲಸ ಅಲ್ಲ. ಜಮೀನಿನ ಮೇಲೆ ಹೊಸ ರಸ್ತೆ ಗೆರೆ ಎಳೆದಿದ್ದಾರಾ, ಅದನ್ನೂ ಆಗಲೇ ಕೇಳಿ.

ಇಲ್ಲಿ ತುಂಬಾ ಜನ ಎಡವುತ್ತಾರೆ: ಡಿಸಿ (ಜಿಲ್ಲಾಧಿಕಾರಿ) ಕನ್ವರ್ಷನ್ ಆಯ್ತಲ್ಲ, ಇನ್ನೇನು ಅಂದುಕೊಳ್ಳುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಆಗುವ ಕನ್ವರ್ಷನ್ ಅಂದರೆ ಜಮೀನನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಹುದು ಅಂತ ಅಷ್ಟೇ. ಅದನ್ನು ತುಂಡು ಮಾಡಿ ಸೈಟ್ ಹಂಚಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಡಾವಣೆ ನಕ್ಷೆಗೆ ಬೇರೆಯೇ ಅನುಮೋದನೆ ಬೇಕು. ಅದಿಲ್ಲದೆ ಮಾರಿದ್ದೇ ರೆವಿನ್ಯೂ ಸೈಟ್. ಕೊಂಡವರು ಮನೆ ಪ್ಲಾನ್‌ಗೆ, ಬ್ಯಾಂಕ್ ಸಾಲಕ್ಕೆ ಅಲೆಯುತ್ತಾರೆ. ಕೂಲಿ ಮಾಡಿ ಕೂಡಿಟ್ಟ ದುಡ್ಡು ಹಾಕಿದವರಿಗೆ ಹಾಗಾಗಬಾರದು.

ಲೆಕ್ಕವನ್ನೂ ಅಲ್ಲೇ ಕೂತು ಹಾಕಿಸಿ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಸುಮ್ನೆ ಭಾಗಿಸಿದರೆ 30x40ರ 36 ಸೈಟ್ ಬರುತ್ತದೆ, ಬ್ರೋಕರ್ ಹೇಳುವುದೂ ಅದನ್ನೇ. ಆದರೆ ರಸ್ತೆ, ಪಾರ್ಕು, ಸಿಎ ಜಾಗ (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಜಾಗ) ಬಿಟ್ಟ ಮೇಲೆ ಅದು ಇಪ್ಪತ್ತರ ಆಸುಪಾಸಿಗೆ ಇಳಿಯಬಹುದು. ಚರಂಡಿ, ನೀರು, ಕರೆಂಟ್ ಖರ್ಚು ಬೇರೆ. ಅಣ್ಣತಮ್ಮಂದಿರ ಪಾಲಿನ ಮಾತು ಈ ಲೆಕ್ಕ ಗೊತ್ತಾದ ಮೇಲೆ ಆಡಿ, ಇಲ್ಲಾಂದ್ರೆ ಜಗಳ ಖಂಡಿತ.

ಪಹಣಿಯಲ್ಲಿ ಬಿ ಖರಾಬು ಅಂತ ಇದ್ದರೆ ಅದು ಹಳ್ಳ, ದಾರಿ ಇಂಥ ಸಾರ್ವಜನಿಕ ಜಾಗ, ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಜಮೀನಿದ್ದರೆ ನಾಲೆಯಿಂದ ಎಷ್ಟು ಜಾಗ ಬಿಡಬೇಕು ಅಂತ ನೀರಾವರಿಯವರನ್ನೂ ವಿಚಾರಿಸಿ. ಜಮೀನಿಗೆ ಬರುವುದು ಬಂಡಿದಾರಿನಾ, ನಕ್ಷೆಯಲ್ಲಿರುವ ರಸ್ತೆನಾ ಅನ್ನುವುದೂ ಮುಖ್ಯ. ಪಕ್ಕದವರ ಹೊಲದ ಬದುವಿನ ಮೇಲೆ ನಡೆದು ಬರುವ ಜಾಗಕ್ಕೆ ಬಡಾವಣೆ ಅನುಮೋದನೆ ಸಿಗುವುದು ಕಷ್ಟ.

ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿಕೊಂಡು ಬರಬೇಡಿ. ವಲಯದ ಬಗ್ಗೆ ಅರ್ಜಿ ಕೊಟ್ಟು ಬರವಣಿಗೆಯಲ್ಲಿ ಪಡೆಯಿರಿ. ಅದು ಕೈಗೆ ಬಂದ ಮೇಲೆ ಎಂಜಿನಿಯರ್ ಹತ್ತಿರ ಬಡಾವಣೆ ನಕ್ಷೆ ಬರೆಸಿ. ಜಾಗ 500 ಚದರ ಮೀಟರ್ ದಾಟಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು, ಅದಾಗುವವರೆಗೆ ಬೋರ್ಡ್ ಹಾಕಿ ಬುಕಿಂಗ್ ತೆಗೆದುಕೊಳ್ಳುವ ಹಾಗಿಲ್ಲ.