ಮಿಶ್ರ ಹರಳಿನ ಸರ: ನಾನು ಪೋಣಿಸುವ ಬಗೆ

ಹರಳಿನ ಸರ ಕಿತ್ತುಹೋದರೆ ಎಲ್ಲರೂ ದಾರವನ್ನೇ ದೂರುತ್ತಾರೆ. ನಾನು ನೋಡುವುದು ಮಣಿಯ ತೂತನ್ನು. ತೂತಿನ ಅಂಚು ಹರಿತವಾಗಿದ್ದರೆ ಎಂಥ ಗಟ್ಟಿ ಎಳೆಯನ್ನೂ ಅದು ದಿನದಿನಕ್ಕೆ ಕೊಯ್ಯುತ್ತದೆ. ಅದಕ್ಕೇ ಬಣ್ಣ ಹೊಂದಿಸುವ ಮೊದಲು ಪ್ರತಿ ಮಣಿಯ ತೂತಿಗೂ ವಜ್ರದ ಪುಡಿ ಲೇಪಿಸಿದ ಸಣ್ಣ ಅರ ಹಾಕಿ, ಎರಡೂ ಬದಿ ನಾಲ್ಕೈದು ಸುತ್ತು ತಿರುಗಿಸುತ್ತೇನೆ. ಮಣಿ ನೀರಿನಲ್ಲಿ ಮುಳುಗಿರಲೇಬೇಕು: ಒಣಗಿದ್ದಾಗ ಉಜ್ಜಿದರೆ ಕಾವಿಗೆ ಬಿರುಕು ಬಿಡಬಹುದು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

18 ಇಂಚಿನ ಸರಕ್ಕೆ ನನ್ನ ಲೆಕ್ಕ ಹೀಗೆ. 8 ಮಿ.ಮೀ. ನೇರಳೆ ಅಮೆಥಿಸ್ಟ್ 13, ಅದೇ ಅಳತೆಯ ಚಂದ್ರಕಾಂತ (ಮೂನ್‌ಸ್ಟೋನ್) 12, 6 ಮಿ.ಮೀ. ಕೆಂಪು ಗಾರ್ನೆಟ್ 16, ಅದೇ 6 ಮಿ.ಮೀ. ಮುತ್ತು 10, 2 ಮಿ.ಮೀ. ಬೆಳ್ಳಿ ಗುಂಡು 36. ಮಣಿಗಳ ಉದ್ದ ಸುಮಾರು 43 ಸೆಂ.ಮೀ., ಉಳಿದ ಎರಡೂವರೆ ಸೆಂ.ಮೀ. ಹುಕ್ಕು, ಅದು ಸಿಕ್ಕಿಸುವ ಸಣ್ಣ ಲೋಹದ ಬಳೆಗಳಿಗೆ. ತೂಕ 30 ಗ್ರಾಂ ಆಸುಪಾಸು. ಅಂಗಡಿಯಲ್ಲಿ ಕೊಳ್ಳುವ ಮಣಿ ಎಳೆಯ ಮೇಲೆ 8 ಮಿ.ಮೀ. ಎಂದು ಬರೆದಿದ್ದರೂ ಮಣಿಗಳು ಒಂದಕ್ಕೊಂದು ಚೂರು ಹೆಚ್ಚುಕಡಿಮೆ ಇರುತ್ತವೆ. ವರ್ನಿಯರ್‌ನಲ್ಲಿ ಅಳೆದು ಎಡಬಲಕ್ಕೆ ಜೋಡಿ ಮಾಡಿಕೊಳ್ಳಿ.

ಜೋಡಣೆಗೆ ಟರ್ಕಿ ಟವೆಲ್ಲು ಸಾಕು, ಮಣಿ ಉರುಳುವುದಿಲ್ಲ. ಕಿಟಕಿಯ ಬೆಳಕಲ್ಲೇ ನೋಡಬೇಕು. ಗಾರ್ನೆಟ್ಟು ಗಾರ್ನೆಟ್ಟಿನ ಪಕ್ಕ ಸಾಲಾಗಿ ಬಂದರೆ ಕತ್ತಿನ ಮೇಲೆ ಕಪ್ಪಾಗಿ ಕಾಣುತ್ತದೆ. ಪಕ್ಕದಲ್ಲಿ ಹಾಲುಬಿಳುಪಿನ ಚಂದ್ರಕಾಂತ ಇಟ್ಟಾಗ ಅದರ ಕೆಂಪು ಹೊರಬೀಳುತ್ತದೆ. ನನಗೆ ತುಂಬ ಇಷ್ಟವಾದ ಜೋಡಿ ಇದು. ಮುತ್ತು ಮಾತ್ರ ಯಾವ ಹರಳಿಗೂ ತಾಗಬಾರದು. ಮೋಹ್ಸ್ ಮಾನದಲ್ಲಿ ಅಮೆಥಿಸ್ಟಿನ ಗಡಸು 7, ಮುತ್ತಿನದು 2.5ರಿಂದ 4.5. ಉಜ್ಜಾಡಿದರೆ ಮುತ್ತಿನ ಹೊಳಪು ಹೋಗುತ್ತದೆ. 20 ಬೆಳ್ಳಿ ಗುಂಡು ಮುತ್ತುಗಳ ಎರಡೂ ಪಕ್ಕಕ್ಕೇ ಮೀಸಲು.

ದೊಡ್ಡ ಮಣಿಗಳು ಮುಂದಿರಲಿ. ಹಿಂದೆ ಭಾರವಾದರೆ ಸರ ತಿರುಗಿ ಹುಕ್ಕು ಮುಂದಕ್ಕೆ ಬರುತ್ತದೆ. ಹುಕ್ಕಿನ ಪಕ್ಕ, ಹಿಂದೆ ಕಾಣದ ಕಡೆ, ಐದೈದು ಗಾರ್ನೆಟ್ ಇಡುತ್ತೇನೆ. ಅಲ್ಲಿಗೆ ಮುತ್ತು ಆಗದು: ಅದರ ತೂತು ಚಿಕ್ಕದು, ತುದಿಯಲ್ಲಿ ವೈರ್ ಎರಡು ಸಲ ಹಾಯಬೇಕಲ್ಲ. 0.38 ಮಿ.ಮೀ. ಗೇರ್ ವೈರ್ (ಮಣಿ ಪೋಣಿಸುವ ಲೇಪದ ಉಕ್ಕಿನ ತಂತಿ) ಎರಡು ಸಲ ಹೋಗಲು ತೂತು 0.8 ಮಿ.ಮೀ. ಆದರೂ ಬೇಕು.

ವೈರ್ 65 ಸೆಂ.ಮೀ. ಕತ್ತರಿಸಿ. ಗೇರ್ ಲಾಕ್ (ಒತ್ತಿದರೆ ವೈರನ್ನು ಕಚ್ಚಿ ಹಿಡಿಯುವ ಪುಟ್ಟ ಲೋಹದ ಕೊಳವೆ) ಹಾಕಿ, ಹುಕ್ಕಿನ ಬಳೆ ಸುತ್ತಿ, ತುದಿಯನ್ನು ಲಾಕ್ ಮೂಲಕವೇ ವಾಪಸ್ ತನ್ನಿ. ಎರಡು ಎಳೆ ಒಂದರ ಮೇಲೊಂದು ಬೀಳದೆ ಅಕ್ಕಪಕ್ಕ ಇರಬೇಕು. ಲಾಕ್ ಒತ್ತುವ ಇಕ್ಕಳದ ಒಳಗಿನ ಹಲ್ಲಿನಲ್ಲಿ ಒತ್ತಿದರೆ ಲಾಕ್ ನಡುವೆ ತಗ್ಗಿ ಎಳೆಗಳು ಎರಡು ಕೋಣೆಗೆ ಸರಿಯುತ್ತವೆ. ಆಮೇಲೆ ಹೊರಗಿನ ದುಂಡು ಹಲ್ಲಿನಲ್ಲಿ ಮಡಚಿ. ತುದಿಯನ್ನು ಲಾಕ್ ಬುಡಕ್ಕೇ ಕತ್ತರಿಸಬೇಡಿ, 2 ಸೆಂ.ಮೀ. ಗಾರ್ನೆಟ್ ಒಳಗೆ ಹಾಯಿಸಿ.

ಎರಡನೇ ಲಾಕ್ ಒತ್ತುವ ಮುಂಚೆ ಸರವನ್ನು ಕತ್ತಿನಷ್ಟು ಅಗಲಕ್ಕೆ ದುಂಡಗೆ ಬಾಗಿಸಿ ಹಿಡಿಯಿರಿ. ಕೋಲಿನಂತೆ ಸೆಟೆದರೆ ಬಿಗಿ ಹೆಚ್ಚಾಗಿದೆ. 2-3 ಮಿ.ಮೀ. ಸಡಿಲ ಬಿಡಬೇಕು, ಇಲ್ಲವಾದರೆ ವೈರ್ ಲಾಕ್ ಬುಡದಲ್ಲೇ ತುಂಡಾಗುತ್ತದೆ.

ಬಣ್ಣ ಹಾಕಿದ ಕಲ್ಲೋ ಎಂಬ ಅನುಮಾನವಿದ್ದರೆ ನೇಲ್ ಪಾಲಿಶ್ ರಿಮೂವರ್ ಅದ್ದಿದ ಹತ್ತಿಯಿಂದ ತೂತಿನ ಬಾಯಿ ಒರೆಸಿ. ಹತ್ತಿಗೆ ಬಣ್ಣ ಹತ್ತಿದರೆ ಆ ಎಳೆ ಬೇಡ. ಇದು ಪೋಣಿಸುವ ಮೊದಲು ಮಾಡುವ ಕೆಲಸ. ಮುತ್ತಿಗೆ ರಿಮೂವರ್ ತಾಗಿಸಲೇಬೇಡಿ.