ಎಲೆ ಒಣಗಿಸೋಣ, ನೆನಪು ಬರೆಯೋಣ

ನಾಲ್ಕೈದು ವರ್ಷದ ಮಕ್ಕಳ ಜೊತೆ ಸಂಜೆ ಸುತ್ತಾಡಲು ಹೋಗುವಾಗ ಬಟ್ಟೆ ಚೀಲವೊಂದು ಇರಲಿ. ಉದುರಿದ ಎಲೆಗಳನ್ನೇ ಆಯಲಿ. ಸಲಕ್ಕೆ ಐದು ಸಾಕು. ಅರಳಿ, ಹೊಂಗೆ, ಬೇವು ಚೆನ್ನಾಗಿ ಒಣಗುತ್ತವೆ. ಎಕ್ಕದ ಗಿಡ ಮಾತ್ರ ಮುಟ್ಟಿಸಬೇಡಿ, ಅದರ ಹಾಲು ಕಣ್ಣಿಗೆ ಅಪಾಯ.

ಎಲೆ ಒರೆಸಿ, ಒಂದಕ್ಕೊಂದು ತಾಗದಂತೆ ಹಳೇ ಪೇಪರಿನ ನಡುವೆ ಹರಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ಮೊದಲ ಮೂರು ದಿನ ಪೇಪರ್ ಬದಲಿಸಲೇಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಹತ್ತು ದಿನಕ್ಕೆ ಸಾಮಾನ್ಯವಾಗಿ ಗರಿಗರಿಯಾಗುತ್ತವೆ.

ನೋಟ್‌ಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ತಾರೀಖು, ಜಾಗ, ಮಗು ಹೇಳಿದ ಮಾತು ಬರೆಯಿರಿ. ‘ಇಲ್ಲಿ ನಾಯಿ ಮಲಗಿತ್ತು’ ಅಂದರೆ ಹಾಗೇ ಇರಲಿ, ತಿದ್ದಬೇಡಿ. ತಿಂಗಳ ಬಳಿಕ ಪುಟ ತೆರೆದು, ‘ಇದು ಯಾವ ಮರ?’ ಎಂದು ಪರೀಕ್ಷೆ ಮಾಡುವ ಬದಲು ‘ಅವತ್ತು ಏನೇನಾಯ್ತು?’ ಎಂದು ಕೇಳಿ.