ಮುರುಗಲು ಸಿರಪ್ಪಿಗೆ ಪರಿಮಳ ಬೆರೆಸುವ ಬಗೆ

ಮಲೆನಾಡಿನ ಸಾಗರದ ಕಡೆಯ ನಮಗೆ ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಿನ ಸಿರಪ್ಪಿಗೆ ಮೇ ತಿಂಗಳ ಬಿಸಿಲೇ ಒಲೆ. ಬೀಜ ತೆಗೆದ ಸಿಪ್ಪೆಗೆ 2 ಪಟ್ಟು ತೂಕದ ಸಕ್ಕರೆ ಹಾಕಿ, ಗಾಜಿನ ಭರಣಿಯಲ್ಲಿ ಬಿಸಿಲಿಗಿಡಿ. ಅಲ್ಯೂಮಿನಿಯಂ ಬೇಡ, ಹುಳಿ ಜಾಸ್ತಿ ಅಲ್ವಾ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ.

ಪರಿಮಳವನ್ನು ಮಾತ್ರ ಇಡೀ ಭರಣಿಗೆ ಒಮ್ಮೆಲೇ ಸುರಿಯಬೇಡಿ. ಏಲಕ್ಕಿ, ಜೀರಿಗೆ ಕುಟ್ಟಿ, ಬೇರೆ ಬೇರೆ ಲೋಟದಲ್ಲಿ ಸ್ವಲ್ಪ ಸಿರಪ್ಪಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿಡಿ. ಆಮೇಲೆ 1 ಚಮಚ ಸಿರಪ್ಪಿಗೆ 5 ಚಮಚ ತಣ್ಣೀರು ಬೆರೆಸಿ, ಪರಿಮಳವನ್ನು ಹನಿಹನಿಯಾಗಿ ಬಿಟ್ಟು ರುಚಿ ನೋಡಿ. ನೀರು ಹಾಕದೆ ನೋಡಿದರೆ ಸಿಹಿಯೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹನಿ ಲೆಕ್ಕ ಬರೆದಿಟ್ಟು, ಚಮಚ ಸಿರಪ್ಪಿಗೆ ಇಷ್ಟು ಹನಿ ಎಂಬ ಅದೇ ಲೆಕ್ಕದಲ್ಲಿ ಬಾಟಲಿಗೂ ಹಾಕಿ. ವೆನಿಲ್ಲಾ ಎಸೆನ್ಸ್ ಹಾಕುವವರಿದ್ದಾರೆ, ನನಗದು ಸುಮ್ನೆ ದಂಡ. ಶುಂಠಿ ರಸವನ್ನು ಕುಡಿಯುವಾಗಲೇ ಹಿಂಡಿ. ಮೊದಲೇ ಬೆರೆಸಿದರೆ ನೀರಂಶ ಸೇರಿ ಸಿರಪ್ ಬೇಗ ಕೆಡುತ್ತದೆ.